ಬಸ್ಸು ಕೇಳಿದ್ದು ಊರಿನ ಮುಂಬಾಗಿಲು

ಹುಬ್ಬಳ್ಳಿ ರೈಲ್ವೆ ನಿಲ್ದಾಣದ ಕಡೆಯಿಂದ ಧಾರವಾಡಕ್ಕೆ ಹೊರಟ ಚಿಗರಿ ಬಸ್ಸಿಗೆ ಹೊಸೂರಿನ ಈಚೆ ಒಂದು ನಡೆ, ಆಚೆ ಇನ್ನೊಂದು ನಡೆ. ಈಚೆ ಅದು ಆಟೋ, ಟಂಟಂ, ಬೈಕು, ಕೈಗಾಡಿಗಳ ನಡುವೆ ದಾರಿ ಕೇಳಿಕೊಂಡು ಹೋಗಬೇಕು. ಆಚೆ ತನಗೆಂದೇ ಕಟ್ಟಿದ ಪಥ ಸಿಕ್ಕ ಕೂಡಲೇ ಜಿಂಕೆ ಎಂಬರ್ಥದ ಹೆಸರಿಗೆ ತಕ್ಕಂತೆ ಓಡತೊಡಗುತ್ತದೆ. ಬಸ್ಸು ಅದೇ, ಚಾಲಕ ಅವನೇ. ಬದಲಾದದ್ದು ಗಾಲಿಯ ಕೆಳಗಿನ ನೆಲದ ಹಕ್ಕು ಮಾತ್ರ. ಅವಳಿ ನಗರದ ತ್ವರಿತ ಬಸ್ ಸಾರಿಗೆ ಯೋಜನೆಯಾದ ಬಿಆರ್‌ಟಿಎಸ್ ಕುರಿತು ಬಸ್ಸಿನ ಬಗ್ಗೆ, ಪಥದ ಬಗ್ಗೆ, ಸಿಗ್ನಲ್ಲಿನ ಬಗ್ಗೆ ಬೇಕಾದಷ್ಟು ವಾದ ನಡೆದಿದೆ. ನೆಲ ಹೇಗೆ ಬಂತು, ಎಲ್ಲಿ ಬರಲಿಲ್ಲ, ಏಕೆ ಬರಲಿಲ್ಲ ಎಂಬುದರ ಚರಿತ್ರೆಯನ್ನು ಕೇಳಿದವರು ಕಡಿಮೆ. ಆ ಚರಿತ್ರೆಯನ್ನು ನೋಡಿದರೆ ನನಗೆ ಒಂದು ಮಾತು ಖಚಿತವಾಗುತ್ತದೆ. ಇಲ್ಲಿ ಯೋಜನೆ ತಡವಾದದ್ದು ಜನರ ಹಟದಿಂದಲ್ಲ, ನಮ್ಮ ಕಾನೂನು ನೆಲವನ್ನು ಅಳೆಯುವ ರೀತಿಯಿಂದ. ಕಾನೂನಿಗೆ ಕಾಣುವುದು ಚದರ ಮೀಟರ್. ಪೇಟೆ ಬದುಕುವುದು ಮುಂಭಾಗದ ಮೇಲೆ.

ಈ ದಾರಿಯ ಎರಡು ತುದಿಗೆ ಎರಡು ಹಳೆಯ ಊರುಗಳಿವೆ. 1727ರಲ್ಲಿ ಸವಣೂರಿನ ನವಾಬ ಮಜೀದ್ ಖಾನನ ಅನುಮತಿ ಪಡೆದು ಬಸಪ್ಪ ಶೆಟ್ಟರು ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು. ವ್ಯಾಪಾರಿಯೊಬ್ಬರು ವ್ಯಾಪಾರಕ್ಕೆಂದೇ ಕಟ್ಟಿಸಿದ ಪೇಟೆ ಅದು. ಅಂಗಡಿ ಬೀದಿಗೆ ಎಷ್ಟು ಒತ್ತಿಕೊಂಡಿದ್ದರೆ ಅಷ್ಟು ಲಾಭ. 1855ರಲ್ಲಿ ಹುಬ್ಬಳ್ಳಿಗೂ, ಮರುವರ್ಷ ಧಾರವಾಡಕ್ಕೂ ಮುನಿಸಿಪಾಲಿಟಿ ಬಂದಾಗ ಎರಡೂ ಊರುಗಳ ಓಣಿಗಳು ತಮ್ಮ ಆಕಾರ ಪಡೆದಾಗಿತ್ತು. ನಡುವಿನ ಸುಮಾರು 20 ಕಿಲೋಮೀಟರ್ ಮಾತ್ರ ಎರಿ ಹೊಲ, ಉಣಕಲ್ಲಿನ ಕೆರೆ, ನವಲೂರಿನ ಪೇರಲ ತೋಟಗಳ ಬಯಲಾಗಿ ಉಳಿಯಿತು. ಆ ಬಯಲಿನಲ್ಲಿ ಹಾದುಹೋದದ್ದು ಪುಣೆ-ಬೆಂಗಳೂರು ರಸ್ತೆ, ಜನರ ಬಾಯಲ್ಲಿ ಪಿ.ಬಿ. ರೋಡ್. ಮುಂದೆ ಇದೇ ರಾಷ್ಟ್ರೀಯ ಹೆದ್ದಾರಿ 4 ಆಯಿತು. 1962ರಲ್ಲಿ ಎರಡೂ ಊರುಗಳನ್ನು ಕೂಡಿಸಿ ಒಂದೇ ಮಹಾನಗರಪಾಲಿಕೆ ಮಾಡಿದಾಗ ಕಾಗದದ ಮೇಲೆ ಒಂದಾದ ಊರನ್ನು ನೆಲದ ಮೇಲೆ ಹೊಲಿದು ಹಿಡಿದ ದಾರ ಈ ರಸ್ತೆ. ಗಬ್ಬೂರಿನಿಂದ ನರೇಂದ್ರದ ತನಕ ಬೈಪಾಸ್ ಆದ ಮೇಲೆ ದೂರದ ಲಾರಿಗಳು ಆ ಕಡೆ ಹೊರಳಿದವು, ಹಳೆಯ ಹೆದ್ದಾರಿ ಊರಿನ ಬೀದಿಯಾಯಿತು. ಬಸ್ಸಿಗೆ ಪ್ರತ್ಯೇಕ ಪಥ ಕೊಡುವ ಯೋಚನೆಗೆ ಮೊದಲ ಜಾಗ ಸಿಕ್ಕದ್ದು ಹೀಗೆ. ಯಾರ ಮನೆಯನ್ನೂ ಕೆಡವದೆ, ಲಾರಿಗಳನ್ನು ಹೊರಗೆ ಕಳಿಸಿ ಪಡೆದ ಜಾಗ ಅದು. ಬಿಆರ್‌ಟಿಎಸ್ ಇತಿಹಾಸವನ್ನು ಬೈಪಾಸಿನಿಂದ ಆರಂಭಿಸುವುದೇ ಸರಿ ಎಂದು ನನಗನ್ನಿಸುವುದು ಇದಕ್ಕಾಗಿ.

ಈ ಎರಡು ಊರುಗಳಿಂದ ಸಾರಿಗೆಗಾಗಿ ದೊಡ್ಡ ಪ್ರಮಾಣದಲ್ಲಿ ನೆಲ ಕೇಳಿದ್ದು ಇದೇ ಮೊದಲಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದಾಗಲೂ ನೆಲ ಬೇಕಾಯಿತು. ಆಗ ಜಾರಿಯಲ್ಲಿದ್ದದ್ದು 1870ರ ಭೂಸ್ವಾಧೀನ ಕಾಯ್ದೆ. ಉಣಕಲ್, ಅಮರಗೋಳ, ನವಲೂರು ನಿಲ್ದಾಣಗಳು ಇರುವ ಜಾಗ ನೋಡಿದರೆ ಸಾಕು, ಹಳಿ ಪೇಟೆಗಳಿಗೆ ಮೈ ತಾಗಿಸದೆ ಹೊಲಗಳ ನಡುವೆ ಹೋದದ್ದು ತಿಳಿಯುತ್ತದೆ. ರೈತನ ಹೊಲ ಎರಡು ತುಂಡಾಗಿರಬಹುದು, ಅದು ಸಣ್ಣ ನಷ್ಟವಲ್ಲ. ಆದರೆ ಕಳೆದದ್ದು ಎಕರೆ-ಗುಂಟೆಯ ಲೆಕ್ಕದಲ್ಲಿ, ಕಾನೂನು ಕೊಟ್ಟದ್ದೂ ಅದೇ ಲೆಕ್ಕದಲ್ಲಿ. ರೈಲು ಊರಿನ ಬೆನ್ನನ್ನು ಕೇಳಿತು. ನೂರಮೂವತ್ತು ವರ್ಷಗಳ ನಂತರ ಬಂದ ಬಸ್ಸು ಊರಿನ ಮುಖವನ್ನು ಕೇಳಿತು. ಬಸ್ಸಿಗೆ ಬೇರೆ ದಾರಿಯೂ ಇರಲಿಲ್ಲ. ಜನ ಇರುವ ಬೀದಿಯಲ್ಲಿ ಓಡದಿದ್ದರೆ ಅದನ್ನು ಹತ್ತುವವರು ಯಾರು? ಆದರೆ ಮುಖ ಕೇಳಲು ಬಂದವರ ಕೈಯಲ್ಲಿದ್ದದ್ದು ಬೆನ್ನನ್ನು ಅಳೆಯುವ ಕೋಲು.

ಎಷ್ಟು ಜಾಗ ಬೇಕಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಯೋಜನೆಯ ನಕ್ಷೆಯಲ್ಲಿ ರಸ್ತೆಯ ಒಟ್ಟು ಅಗಲ ಊರೊಳಗೆ ಸುಮಾರು 35 ಮೀಟರ್, ನಡುವಿನ ಭಾಗದಲ್ಲಿ ಸುಮಾರು 44 ಮೀಟರ್. ನಿಲ್ದಾಣದಲ್ಲಿ ನಿಂತ ಬಸ್ಸನ್ನು ದಾಟಿ ತಡೆರಹಿತ ಬಸ್ಸು ಮುಂದೆ ಹೋಗಲಿ ಎಂದು ಇಲ್ಲಿ ಎರಡೂ ದಿಕ್ಕಿಗೆ ಜೋಡಿ ಪಥ ಇಟ್ಟರು. ಒಂದು ಪಥಕ್ಕೆ ಮೂರೂವರೆ ಮೀಟರ್ ಎಂದು ಹಿಡಿದರೂ ಬಸ್ಸಿಗೇ 14 ಮೀಟರ್ ಆಯಿತು. ಉಳಿದ ವಾಹನಗಳಿಗೆ ಅಷ್ಟೇ ಕೊಟ್ಟರೆ 28. ನಿಲ್ದಾಣದ ಕಟ್ಟೆ, ಪಾದಚಾರಿ ಮಾರ್ಗ, ಗಟಾರ, ವಿದ್ಯುತ್ ಕಂಬ ಎಲ್ಲವೂ ಉಳಿದ 7 ಮೀಟರಿನಲ್ಲಿ ಹೊಂದಬೇಕು. ಹೀಗಾಗಿ ಒಂದೊಂದು ಮೀಟರಿಗೂ ಜಗ್ಗಾಟ. ಈಗ ರಸ್ತೆ ಪಕ್ಕದ ಒಂದು ಅಂಗಡಿ ತೆಗೆದುಕೊಳ್ಳಿ. ಅಗಲ 3 ಮೀಟರ್, ಉದ್ದ 9 ಮೀಟರ್. ಮುಂದೆ ನಾಲ್ಕು ಮೆಟ್ಟಿಲು, ಗಿರಾಕಿ ನಿಲ್ಲುವ ಕಟ್ಟೆ, ಗಲ್ಲಾಪೆಟ್ಟಿಗೆ, ಕಪಾಟು. ಹಿಂದೆ ಗೋದಾಮು, ಅದರ ಹಿಂದೆ ಮನೆಯವರ ಅಡುಗೆ ಒಲೆ. ಜಂಟಿ ಮೋಜಣಿಯವರು ಗೋಡೆಗೆ ಕೆಂಪು ಗುರುತು ಹಾಕಿ 3 ಮೀಟರ್ ಕತ್ತರಿಸಿದರೆ ದಾಖಲೆಯಲ್ಲಿ ಹೋದದ್ದು 9 ಚದರ ಮೀಟರ್, ಮೂರರಲ್ಲಿ ಒಂದು ಪಾಲು. ನಿಜಕ್ಕೂ ಹೋದದ್ದು ಅಂಗಡಿ, ಉಳಿದದ್ದು ಗೋದಾಮು. ನಮ್ಮ ಕಡೆ ಮನೆ-ಅಂಗಡಿಯನ್ನು ಖಣದಲ್ಲಿ ಎಣಿಸುವುದು ರೂಢಿ: ಎರಡು ಖಣದ ಅಂಗಡಿ, ಐದು ಖಣದ ಮನೆ. ಕಂಬದಿಂದ ಕಂಬಕ್ಕೆ ಇರುವ ತೆರಪಿನ ಲೆಕ್ಕ ಅದು, ಬಾಳುವೆಯ ಲೆಕ್ಕ. ಅದರಲ್ಲಿ ಮುಂದಿನ ಖಣಕ್ಕೂ ಹಿಂದಿನ ಖಣಕ್ಕೂ ಒಂದೇ ಬೆಲೆ ಎಂದು ಯಾರೂ ಹೇಳುವುದಿಲ್ಲ. ಬಾಡಿಗೆ ಹಿಡಿಯುವಾಗ ಇಲ್ಲ, ವಾಟ್ನಿ ಮಾಡುವಾಗ ಅಣ್ಣತಮ್ಮಂದಿರ ನಡುವೆಯೂ ಇಲ್ಲ.

ಕಾನೂನು ಇದನ್ನು ಪೂರ್ತಿ ಮರೆತಿತ್ತು ಎಂದರೆ ಅನ್ಯಾಯವಾದೀತು. 1894ರ ಭೂಸ್ವಾಧೀನ ಕಾಯ್ದೆಯ 23ನೇ ಕಲಮಿನಲ್ಲಿ ಮಾರುಕಟ್ಟೆ ಬೆಲೆಯ ಜೊತೆಗೆ, ನೆಲ ತುಂಡಾಗುವುದರಿಂದ ಆಗುವ ನಷ್ಟ, ಉಳಿದ ಆಸ್ತಿಗೂ ಗಳಿಕೆಗೂ ತಟ್ಟುವ ಹಾನಿ, ವಸತಿ ಅಥವಾ ವ್ಯಾಪಾರದ ಜಾಗ ಬದಲಿಸುವ ಖರ್ಚು ಇವೆಲ್ಲ ಇದ್ದವು. 49ನೇ ಕಲಮು ಇನ್ನೂ ಮುಂದೆ ಹೋಗಿ, ಕಟ್ಟಡದ ಒಂದು ಭಾಗ ಮಾತ್ರ ಬೇಡ, ತೆಗೆದುಕೊಳ್ಳುವುದಾದರೆ ಪೂರ್ತಿ ತೆಗೆದುಕೊಳ್ಳಿ ಎಂದು ಕೇಳುವ ಹಕ್ಕನ್ನು ಮಾಲೀಕನಿಗೆ ಕೊಟ್ಟಿತ್ತು. ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್ ಕಂಪನಿ ಹುಟ್ಟಿದ 2012ಕ್ಕೂ ಪ್ರಾಯೋಗಿಕವಾಗಿ ಬಸ್ಸು ಓಡಿದ 2018ರ ಅಕ್ಟೋಬರ್ 2ಕ್ಕೂ ನಡುವೆ ದೇಶದ ಕಾನೂನೇ ಬದಲಾಯಿತು. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆ ಶೇಕಡಾ 30 ಇದ್ದ ಸಾಂತ್ವನ ಮೊತ್ತವನ್ನು 100ಕ್ಕೆ ಏರಿಸಿತು, ಬಾಡಿಗೆದಾರರ ಜೀವನೋಪಾಯವನ್ನೂ ಗಣನೆಗೆ ತಂದಿತು. ಆದರೆ ಹಳೆಯದರಲ್ಲೂ ಹೊಸದರಲ್ಲೂ ಲೆಕ್ಕದ ಬುಡ ಚದರ ಮೀಟರಿನ ದರವೇ. ಮುಂಭಾಗದ ಹಾನಿಯನ್ನು ಮಾಲೀಕನೇ ಸಾಬೀತು ಮಾಡಬೇಕು, ಅದಕ್ಕೆ ವರ್ಷಗಟ್ಟಲೆ ಕೋರ್ಟು ಹತ್ತಬೇಕು. ಪೇಟೆಯ ಸಿಟಿಎಸ್ (ನಗರ ಮೋಜಣಿ) ಉತಾರಗಳಲ್ಲಿ ತೀರಿಹೋದ ಅಜ್ಜನ ಹೆಸರೇ ಉಳಿದು ವಾರಸಾ ದಾಖಲಾಗದೆ ಇರುವುದು ಸಾಮಾನ್ಯ. ಅಂಥವರಿಗೆ ಆ ಬಾಗಿಲೂ ಮುಚ್ಚಿದ ಹಾಗೆಯೇ. ಇನ್ನು ಅಧಿಕಾರಿಗೆ ಉಳಿಯುವುದು ಎರಡೇ ದಾರಿ. ಒಬ್ಬೊಬ್ಬರನ್ನೇ ಕೂರಿಸಿ ಒಪ್ಪಿಸುವುದು, ಇಲ್ಲವೆ ನಕ್ಷೆಯನ್ನೇ ಅಲ್ಲಲ್ಲಿ ಕಿರಿದು ಮಾಡುವುದು.

ನನ್ನ ಈ ವಾದಕ್ಕೆ ಬರುವ ಮೊದಲ ಆಕ್ಷೇಪಣೆ ಗಟ್ಟಿಯಾದದ್ದು. ಸಾರ್ವಜನಿಕ ಉದ್ದೇಶಕ್ಕೆ ನೆಲ ಬೇಕಾದಾಗ ಮಾತುಕತೆ ಏಕೆ? ದಿನಕ್ಕೆ ಸಾವಿರಾರು ಜನ ಓಡಾಡುವ ದಾರಿಗೆ ಕೆಲವು ನೂರು ಅಂಗಡಿಗಳು ಅಡ್ಡ ನಿಂತರೆ ನಷ್ಟ ಅನುಭವಿಸುವವರು ಬಸ್ಸಿಗೆ ಕಾಯುವ ಬಡವರೇ ಅಲ್ಲವೆ? ಬಸ್ಸಿಗೆ ಕಾಯುವವರ ಕಷ್ಟ ನಿಜ. ನಾನು ಅವರ ಪರವಾಗಿಯೇ ಬರೆಯುತ್ತಿದ್ದೇನೆ. ಆದರೆ ತಡ ಆದದ್ದು ಮಾತುಕತೆಯಿಂದ ಎನ್ನುವುದು ತಲೆಕೆಳಗಾದ ಓದು. ಮಾತುಕತೆ ನಕ್ಷೆ ಮುಗಿದ ಮೇಲೆ ಆರಂಭವಾಯಿತು, ಅದಕ್ಕೇ ತಡವಾಯಿತು. ಇಂತಿಷ್ಟು ಮೀಟರ್ ಎಂದು ಗೆರೆ ಎಳೆದು ಆಮೇಲೆ ಮಾಲೀಕನ ಬಳಿಗೆ ಹೋದರೆ ಅವನಿಗೆ ಮಾತಾಡಲು ಉಳಿಯುವ ವಿಷಯ ಹಣವೊಂದೇ. ಹಣದ ಮಾತಿನಲ್ಲಿ ಕೊನೆಯವರೆಗೆ ತಡೆದವನಿಗೇ ಹೆಚ್ಚು ಸಿಗುವ ಆಸೆ. ಎರಡನೇ ಆಕ್ಷೇಪಣೆ ಅತಿಕ್ರಮಣದ್ದು: ರಸ್ತೆ ನುಂಗಿ ಕೂತವರಿಗೂ ಪರಿಹಾರ ಕೊಡುವುದೇ? ಈ ಯೋಜನೆಗೆ ನೆರವು ಕೊಟ್ಟ ವಿಶ್ವಬ್ಯಾಂಕಿನ ಪುನರ್ವಸತಿ ನೀತಿ ಹಕ್ಕುಪತ್ರ ಇಲ್ಲದವರಿಗೂ ಸಹಾಯ ಬೇಕೆನ್ನುತ್ತದೆ, ನೆಲದ ಬೆಲೆಯನ್ನಲ್ಲ. ಈ ವ್ಯತ್ಯಾಸ ಮುಖ್ಯ. ಚಹಾದಂಗಡಿಯವನಿಗೆ ನೆಲ ಅವನದಲ್ಲ, ಆದರೆ ಗಿರಾಕಿ ಅವನವರು. ಅವನು ಕಳೆದುಕೊಳ್ಳುವುದೂ ಮುಂಭಾಗವನ್ನೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಒಪ್ಪಿಕೊಂಡದ್ದು ಇದೇ ಮಾತನ್ನು.

ಪ್ರಾರ್ಥನಾ ಸ್ಥಳಗಳ ವಿಷಯದಲ್ಲಿ ಚದರ ಮೀಟರಿನ ಲೆಕ್ಕ ಪೂರ್ತಿ ಕೈಕೊಟ್ಟಿತು. ಈ ರಸ್ತೆಗಾಗಿ ಗುಡಿಗಳು ಜಾಗ ಬಿಟ್ಟಿವೆ. ಭೈರಿದೇವರಕೊಪ್ಪದ ಹಜರತ್ ಸೈಯದ್ ಮಹಮೂದ್ ಷಾ ಖಾದ್ರಿ ದರ್ಗಾ 2022ರ ಡಿಸೆಂಬರಿನಲ್ಲಿ, ಹೈಕೋರ್ಟು ಅರ್ಜಿಯನ್ನು ತಳ್ಳಿಹಾಕಿದ ಮೇಲೆ, ಪೊಲೀಸ್ ಬಂದೋಬಸ್ತಿನಲ್ಲಿ ತೆರವಾಯಿತು. ಅಷ್ಟು ಹೊತ್ತಿಗೆ ಚಿಗರಿ ಓಡಲು ಆರಂಭಿಸಿ ನಾಲ್ಕು ವರ್ಷ, ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು 2020ರ ಫೆಬ್ರುವರಿ 2ರಂದು ವಿಧ್ಯುಕ್ತವಾಗಿ ಉದ್ಘಾಟಿಸಿ ಸುಮಾರು ಮೂರು ವರ್ಷ ಆಗಿತ್ತು. ಕೋರ್ಟಿನ ತೀರ್ಪು ಕಾನೂನಿನ ಪ್ರಶ್ನೆಯನ್ನು ಮುಗಿಸಿತು. ತಲೆಮಾರುಗಳಿಂದ ಅಲ್ಲಿಗೆ ನಡೆದುಕೊಂಡವರ ನೋವು ಅದರಿಂದ ಮುಗಿಯಲಿಲ್ಲ, ಮುಗಿಯುವಂಥದ್ದೂ ಅಲ್ಲ. ಗದ್ದುಗೆಗೆ ದರ ಕಟ್ಟಲು ಬರುವುದಿಲ್ಲ, ಗುಡಿಯ ಗರ್ಭಗುಡಿಗೂ ಬರುವುದಿಲ್ಲ. ಇಂಥ ಜಾಗಗಳ ಮಾತು ನಕ್ಷೆಯ ಮೊದಲ ಕರಡಿನಲ್ಲೇ, ಎಲ್ಲ ಸಮುದಾಯಗಳ ಹಿರಿಯರು ಒಟ್ಟಿಗೆ ಕೂತಾಗ ಆಗಬೇಕಿತ್ತು. ಬಸ್ಸು ಓಡಿದ ನಾಲ್ಕು ವರ್ಷಗಳ ನಂತರ ಆದಾಗ ಅದು ಮಾತುಕತೆಯಾಗಿ ಉಳಿಯದೆ ರಾಜಕೀಯವಾಯಿತು.

ಬೇರೆ ದಾರಿ ಇತ್ತೆ? ಇತ್ತು, ಮತ್ತು ಅದು ನಮ್ಮ ಮನೆಯದೇ ಆಗಿತ್ತು. ಧಾರವಾಡ ಜಿಲ್ಲೆ 1956ರ ತನಕ ಮುಂಬಯಿ ಆಡಳಿತದಲ್ಲಿತ್ತು. ಆ ಪ್ರಾಂತದಲ್ಲಿ 1915ರಷ್ಟು ಹಿಂದೆಯೇ ನಗರ ಯೋಜನಾ ಕಾಯ್ದೆ ಬಂದಿತ್ತು. ಅದರ ತಿರುಳು ಸರಳ. ಒಂದು ಪ್ರದೇಶದ ಎಲ್ಲರ ನೆಲವನ್ನೂ ಕೂಡಿಸಿ, ರಸ್ತೆಗೆ ಬೇಕಾದದ್ದನ್ನು ಎಲ್ಲರ ಪಾಲಿನಿಂದಲೂ ತೆಗೆದು, ಉಳಿದದ್ದನ್ನು ಹೊಸ ಆಕಾರದಲ್ಲಿ ಹಂಚುವುದು. ರಸ್ತೆಯಿಂದ ಬೆಲೆ ಏರಿದವರಿಂದ ಅಭಿವೃದ್ಧಿ ಶುಲ್ಕ ಪಡೆಯುವುದು. ಈಗಿನ ಪದ್ಧತಿಯ ದೊಡ್ಡ ಅನ್ಯಾಯಕ್ಕೆ ಉತ್ತರ ಅಲ್ಲಿದೆ. ಮುಂದಿನ ಮನೆ ಪೂರ್ತಿ ಹೋದರೆ ಹಿಂದಿನ ಮನೆ ಬಿಟ್ಟಿಯಾಗಿ ರಸ್ತೆಗೆ ಮುಖ ಮಾಡುತ್ತದೆ. ಕಳೆದುಕೊಂಡವನಿಗೆ ಚದರ ಮೀಟರಿನ ಹಣ, ಗಳಿಸಿದವನಿಗೆ ಯಾವ ಖರ್ಚೂ ಇಲ್ಲ. ಗುಜರಾತ್ ಆ ಹಳೆಯ ಪದ್ಧತಿಯನ್ನು ಉಳಿಸಿಕೊಂಡು ಬೆಳೆಸಿತು, ಅಹಮದಾಬಾದಿನ ಎಷ್ಟೋ ಅಗಲ ರಸ್ತೆಗಳು ಹಾಗೆ ಬಂದವು. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೂ ಅದಕ್ಕೆ ಅಧ್ಯಾಯವಿದೆ. ನಮ್ಮ ಬಿಆರ್‌ಟಿಎಸ್ ಯೋಜನಾ ವರದಿ ಸಿದ್ಧಪಡಿಸಿದ್ದು ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ. ಅಹಮದಾಬಾದಿನಿಂದ ಬಸ್ ಪಥದ ಅನುಭವ ಬಂತು, ನೆಲ ಹಂಚಿಕೊಳ್ಳುವ ಅನುಭವ ಬರಲಿಲ್ಲ.

ಆ ಪದ್ಧತಿ ಬಯಲಿಗೆ ಸರಿ, ಕಟ್ಟಿದ ಪೇಟೆಗೆ ಒಗ್ಗದು ಎನ್ನುವವರು ಇದ್ದಾರೆ. ಅರ್ಧ ಒಪ್ಪುತ್ತೇನೆ. 1962ರಿಂದ ಮುಂದಿನ ನಾಲ್ಕು ದಶಕ ಉಣಕಲ್ಲಿನಿಂದ ಗಾಂಧಿನಗರದ ತನಕ ಬಯಲು ಇದ್ದಾಗಲೇ ಅದನ್ನು ಮಾಡಬಹುದಿತ್ತು, ಆ ಕಾಲ ಕಳೆಯಿತು. ಪೇಟೆಯೊಳಗೆ ಬೇರೆಡೆ ಹೆಚ್ಚು ಕಟ್ಟುವ, ಮಾರಬಹುದಾದ ಹಕ್ಕಿನ ಟಿಡಿಆರ್ ಪತ್ರ ಕೊಟ್ಟರೆ ಸಾಕು ಎಂಬ ಮಾತೂ ಇದೆ. ಆದರೆ ಎರಡು ಮಹಡಿಯ ಊರಿನಲ್ಲಿ ಇನ್ನೊಂದು ಮಹಡಿಯ ಹಕ್ಕನ್ನು ದುಡ್ಡು ಕೊಟ್ಟು ಕೊಳ್ಳುವವರು ಕಡಿಮೆ. ದುರ್ಗದಬೈಲಿನ ಅಂಗಡಿಕಾರನಿಗೆ ಬೇಕಾದದ್ದು ಹಿಂದಕ್ಕೆ ಸರಿದ ಮೇಲೂ ಮುಂದಿನ ಖಣ ಉಳಿಯುವ ಭರವಸೆ. ಸಾಲಿನ ಹತ್ತು ಅಂಗಡಿಯವರು ಒಟ್ಟಿಗೆ ಹಿಂದೆ ಸರಿದು, ಹಿಂದಿನ ಜಾಗವನ್ನು ಹಂಚಿಕೊಂಡು, ಪ್ರತಿಯೊಬ್ಬರೂ ರಸ್ತೆಗೆ ಮುಖ ಇಟ್ಟುಕೊಳ್ಳುವಂತೆ ಸಾಲನ್ನೇ ಮರುಕಟ್ಟುವುದು ಅಸಾಧ್ಯವಲ್ಲ. ಬಾಡಿಗೆದಾರನ ಕರಾರೂ ಅದರ ಜೊತೆಗೇ ಸರಿಯಬೇಕು. ಈಗ ಚಿಗರಿಯ ಬದಲು ಉದ್ದನೆಯ ವಿದ್ಯುತ್ ವಾಹನಗಳನ್ನು ಓಡಿಸುವ ಇ-ಆರ್‌ಟಿ ಮಾತು ನಡೆದಿದೆ. ಪಥ ಇದ್ದೇ ಇದೆ, ಹೊಸ ನೆಲ ಬೇಡ ಎಂದು ಕೆಲವರ ವಾದ. ನಡುವಿನ ದಾರಿಗೆ ಬೇಡದಿರಬಹುದು. ಹೊಸೂರಿನ ಈಚೆಗೆ ಬೇಕು, ಧಾರವಾಡದ ಜ್ಯುಬಿಲಿ ಸರ್ಕಲ್‌ನ ಆಚೆಗೆ ಬೇಕು, ಉದ್ದದ ವಾಹನ ನಿಲ್ಲಲು ಉದ್ದದ ನಿಲ್ದಾಣ ಬೇಕು. ಮೋಜಣಿಯವರು ಟೇಪು ಹಿಡಿದು ಆ ಬೀದಿಗಳಿಗೆ ಇಳಿಯುವ ಮೊದಲು ಪ್ರತಿ ಅಂಗಡಿಯ ಮುಂದಿನ ಖಣದಲ್ಲಿ ಯಾರು ಕೂತಿದ್ದಾರೆ, ಯಾರ ಉತಾರದ ಮೇಲೆ, ಎಷ್ಟು ವರ್ಷದಿಂದ, ಯಾವ ವ್ಯಾಪಾರದಲ್ಲಿ ಎಂದು ಬರೆದುಕೊಂಡು ಬರಲಿ. ರಸ್ತೆಯ ಗೆರೆಯನ್ನು ಆ ಪಟ್ಟಿ ಮುಂದಿಟ್ಟುಕೊಂಡು ಎಳೆಯಲಿ.