ಅಳತೆ ಪುಸ್ತಕ (ಕಾಮಗಾರಿ)

ಅಳತೆ ಪುಸ್ತಕವು ಸರ್ಕಾರಿ ಕಾಮಗಾರಿಗಳಲ್ಲಿ ನಡೆದ ಕೆಲಸದ ಪ್ರಮಾಣವನ್ನು ಸ್ಥಳದಲ್ಲೇ ಅಳೆದು ದಾಖಲಿಸುವ ಮೂಲ ಕಡತ. ಕಚೇರಿಗಳಲ್ಲಿಯೂ ಗುತ್ತಿಗೆದಾರರಲ್ಲಿಯೂ ಇದು ‘ಎಂ.ಬಿ.’ ಎಂದೇ ಪರಿಚಿತ. ಗುತ್ತಿಗೆದಾರನ ಬಿಲ್ಲು ಇದರ ಆಧಾರದ ಮೇಲೆಯೇ ಸಿದ್ಧವಾಗುವುದರಿಂದ, ವ್ಯಾಜ್ಯ ಬಂದಾಗ ನ್ಯಾಯಾಲಯದಲ್ಲಿ ಹಾಜರುಪಡಿಸಬೇಕಾದ ಪ್ರಮುಖ ಸಾಕ್ಷ್ಯಗಳಲ್ಲಿ ಇದೂ ಒಂದು.

ಹಿನ್ನೆಲೆ

ಭಾರತದಲ್ಲಿ ಲೋಕೋಪಯೋಗಿ ಇಲಾಖೆ 1854ರಲ್ಲಿ ಡಾಲ್‌ಹೌಸಿಯ ಆಡಳಿತದಲ್ಲಿ ರೂಪುಗೊಂಡಿತು. ಮೈಸೂರಿನಲ್ಲಿ 1856ರಲ್ಲಿ ಆರಂಭವಾಯಿತು. ಬೆಳಗಾವಿ ಜಿಲ್ಲೆಯು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತದಲ್ಲಿತ್ತು. ಆಡಳಿತ ಬದಲಾದರೂ ಅಳತೆ ಪುಸ್ತಕದ ಪದ್ಧತಿ ಎರಡೂ ಕಡೆ ಬಹುಮಟ್ಟಿಗೆ ಒಂದೇ ಆಗಿತ್ತು.

ಬರೆಯುವ ಕ್ರಮ

ಪುಸ್ತಕಕ್ಕೂ ಅದರ ಪ್ರತಿ ಪುಟಕ್ಕೂ ಮುದ್ರಿತ ಸಂಖ್ಯೆ ಇರುತ್ತದೆ. ಕಾಮಗಾರಿಯ ಹೆಸರು, ಸ್ಥಳ, ಗುತ್ತಿಗೆದಾರ ಮತ್ತು ಅಳತೆಯ ದಿನಾಂಕವನ್ನು ಬರೆದ ಬಳಿಕ ಸಂಖ್ಯೆ, ಉದ್ದ, ಅಗಲ, ಆಳ ಮತ್ತು ಒಟ್ಟು ಪ್ರಮಾಣವನ್ನು ಅಂಕಣಗಳಲ್ಲಿ ತುಂಬಲಾಗುತ್ತದೆ. 30 ಮೀಟರ್ ಉದ್ದ, 1.2 ಮೀಟರ್ ಅಗಲ, 0.9 ಮೀಟರ್ ಆಳದ ಅಗೆತವಾದರೆ 32.4 ಘನ ಮೀಟರ್. ತಪ್ಪಾದ ಅಂಕಿಯನ್ನು ಅಳಿಸುವಂತಿಲ್ಲ. ಗೆರೆ ಎಳೆದು, ಸರಿಯಾದುದನ್ನು ಬರೆದು ಸಹಿ ಮಾಡಬೇಕು. ಮೇಲಧಿಕಾರಿಯು ಆಯ್ದ ಭಾಗಗಳನ್ನು ಮರು ಅಳತೆ ಮಾಡಿ ಪರಿಶೀಲಿಸುತ್ತಾನೆ.

ಬಿಲ್ಲು ತಯಾರಾದ ಮೇಲೆ ಆ ಅಳತೆಗಳ ಮೇಲೆ ಕೆಂಪು ಶಾಯಿಯ ಓರೆಗೆರೆ ಎಳೆಯುವುದು ರೂಢಿ. ನೋಡಲು ಕ್ಷುಲ್ಲಕವೆನಿಸಿದರೂ ಒಂದೇ ಕೆಲಸಕ್ಕೆ ಎರಡು ಬಾರಿ ಹಣ ಹೋಗದಂತೆ ತಡೆಯುವುದು ಈ ಗೆರೆಯೇ. ಅಡಿಪಾಯ, ಕಬ್ಬಿಣದ ಸರಳುಗಳಂಥ ಮುಚ್ಚಿಹೋಗುವ ಭಾಗಗಳನ್ನು ಕಾಂಕ್ರೀಟ್ ಸುರಿಯುವ ಮುನ್ನವೇ ಅಳೆಯಬೇಕು. ಆ ಹೊತ್ತು ತಪ್ಪಿದರೆ ಕಟ್ಟಿದ್ದನ್ನು ಒಡೆದು ನೋಡುವುದು ಅಥವಾ ಊಹೆಗೆ ಹಣ ಕೊಡುವುದು, ಇವೆರಡೇ ಉಳಿಯುತ್ತವೆ.

ಕೆಲಸದ ಪುನರಾವರ್ತನೆ

ಕಾಗದದ ಪದ್ಧತಿಯಲ್ಲಿ ಮೇಲಿನ 32.4 ಎಂಬ ಅಂಕಿಯನ್ನು ಗೋಷ್ವಾರೆಗೆ, ಅಲ್ಲಿಂದ ಬಿಲ್ಲಿಗೆ, ಮತ್ತೆ ಕಾಮಗಾರಿ ವಹಿಗೆ ನಕಲು ಮಾಡಲಾಗುತ್ತದೆ. ಪ್ರತಿ ನಕಲಿನಲ್ಲೂ ತಪ್ಪು ನುಸುಳಬಹುದು. ತಪ್ಪು ಕಂಡರೆ ಕಡತ ಉಪವಿಭಾಗಕ್ಕೆ ಮರಳುತ್ತದೆ, ಪಾವತಿ ತಡವಾಗುತ್ತದೆ. ತಡವಾದ ಪಾವತಿಯ ಹೊರೆ ಕೊನೆಗೆ ಕೂಲಿಕಾರರ ಮೇಲೆ ಬೀಳುತ್ತದೆ. 2005ರ ಉದ್ಯೋಗ ಖಾತರಿ ಕಾಯ್ದೆಯ ಅಡಿಯಲ್ಲಿ ಹಾಜರಿ ಪಟ್ಟಿ ಮುಗಿದ 15 ದಿನಗಳೊಳಗೆ ಕೂಲಿ ನೀಡಬೇಕೆಂದೂ, ಮೀರಿದರೆ ದಿನಕ್ಕೆ ಶೇ. 0.05ರಂತೆ ಪರಿಹಾರ ಕೊಡಬೇಕೆಂದೂ ನಿಗದಿಪಡಿಸಲಾಗಿತ್ತು. ಅಳತೆ ಬರೆಯುವುದು ತಡವಾದರೆ ಆ ಗಡುವು ಪಾಲಿಸುವುದು ಕಷ್ಟ.

ಇನ್ನೊಂದು ಬಗೆಯ ಪುನರಾವರ್ತನೆ ಸಂಸ್ಥೆಗಳ ನಡುವಿನದು. ಕಾಗವಾಡ ತಾಲ್ಲೂಕಿನ ಐನಾಪುರದಂಥ ಊರಿನ ಆಸುಪಾಸಿನಲ್ಲಿ ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಗಳು, ಲೋಕೋಪಯೋಗಿ ಇಲಾಖೆ, ಕಾಲುವೆ ಕೆಲಸಗಳಿಗೆ ಕರ್ನಾಟಕ ನೀರಾವರಿ ನಿಗಮ ಹೀಗೆ ಹಲವು ಸಂಸ್ಥೆಗಳು ಕಾಮಗಾರಿ ನಡೆಸುತ್ತವೆ. ಪ್ರತಿಯೊಂದರ ಪುಸ್ತಕವೂ ಬೇರೆ. ಕೃಷ್ಣೆಯ ನೆರೆಯಿಂದ ಹಾಳಾದ ರಸ್ತೆಯ ದುರಸ್ತಿ ಎರಡು ಲೆಕ್ಕಶೀರ್ಷಿಕೆಗಳಲ್ಲಿ ಸೇರಿಕೊಂಡರೆ, ಒಂದು ಪುಸ್ತಕದ ಕೆಂಪು ಗೆರೆ ಇನ್ನೊಂದಕ್ಕೆ ಕಾಣುವುದಿಲ್ಲ.

ಗಣಕೀಕರಣ

ಕರ್ನಾಟಕದಲ್ಲಿ ಇ-ಸಂಗ್ರಹಣೆ ಜಾಲತಾಣ 2007ರಲ್ಲಿ ಆರಂಭವಾಗಿ ಟೆಂಡರ್ ಹಂತವನ್ನು ಗಣಕಕ್ಕೆ ತಂದಿತು. ಪಂಚಾಯತ್ ರಾಜ್ ಸಂಸ್ಥೆಗಳ ಕಾಮಗಾರಿಗಳಿಗೆ ‘ಗಾಂಧಿ ಸಾಕ್ಷಿ ಕಾಯಕ’ ತಂತ್ರಾಂಶ ಬಳಕೆಗೆ ಬಂದಿತು. ಅದರಲ್ಲಿ ಅನುಮೋದನೆಯಿಂದ ಪಾವತಿಯವರೆಗಿನ ಹಂತಗಳನ್ನು ಒಂದೇ ಕಡೆ ಗಮನಿಸಬಹುದು. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಆರಂಭಕ್ಕೆ ಮುನ್ನ, ನಡುವೆ ಮತ್ತು ಮುಗಿದ ಮೇಲೆ ಸ್ಥಳಸೂಚಕ ಛಾಯಾಚಿತ್ರ ತೆಗೆಯುವ ಕ್ರಮವೂ ಬಂದಿತು.

ವಿದ್ಯುನ್ಮಾನ ಅಳತೆ ಪುಸ್ತಕದ ಲಾಭವೆಲ್ಲ ಒಂದು ನಿಯಮವನ್ನು ಅವಲಂಬಿಸಿದೆ: ಅಂಕಿಯನ್ನು ಒಮ್ಮೆ ಮಾತ್ರ, ಸ್ಥಳದಲ್ಲೇ ನಮೂದಿಸಬೇಕು. ಎಂಜಿನಿಯರು ಚೀಟಿಯಲ್ಲಿ ಬರೆದುಕೊಂಡು ಸಂಜೆ ಕಚೇರಿಯಲ್ಲಿ ಗಣಕಕ್ಕೆ ಏರಿಸಿ, ಲೆಕ್ಕಪರಿಶೋಧನೆಗೆಂದು ಕಾಗದದ ಪುಸ್ತಕವನ್ನೂ ತುಂಬಿದರೆ ಕೆಲಸ ಕಡಿಮೆಯಾಗುವ ಬದಲು ಮೂರು ಪಟ್ಟಾಗುತ್ತದೆ. ತಂತ್ರಾಂಶಗಳು ಪರಸ್ಪರ ಮಾಹಿತಿ ಹಂಚಿಕೊಳ್ಳದಿದ್ದಲ್ಲಿ ಸಂಸ್ಥೆಗಳ ನಡುವಿನ ಪುನರಾವರ್ತನೆಯೂ ಹಾಗೆಯೇ ಉಳಿಯುತ್ತದೆ.