ಯುದ್ಧ ಮುಗಿಸಿ ಉಳಿದ ಲಾರಿಗಳು

ಕಳೆದ ವರ್ಷ ಯುಗಾದಿಗೆಂದು ಹುಬ್ಬಳ್ಳಿಗೆ ಹೋಗಿದ್ದಾಗ ಅಜ್ಜಿಯ ಟ್ರಂಕು ಒಪ್ಪ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಇಳಕಲ್ ಸೀರೆಗಳ ಅಡಿಯಲ್ಲಿ ಅಂಗೈ ಅಗಲದ ಒಂದು ತಗಡು ಸಿಕ್ಕಿತು. ನಾಲ್ಕು ಮೂಲೆಗೂ ತೂತು, ನಡುವೆ ಸವೆದ ಇಂಗ್ಲಿಷ್ ಅಕ್ಷರಗಳು: ಜನರಲ್ ಮೋಟಾರ್ಸ್ ಆಫ್ ಕೆನಡಾ, ಓಶಾವಾ. ಕೆಳಗಿದ್ದ ನಂಬರಿನ ಕೊನೆಯ ಅಂಕಿಗಳು ಅಳಿಸಿಹೋಗಿದ್ದವು.

"ನಿಮ್ಮ ಅಜ್ಜಂದು. ಮಿಲಿಟರಿ ಲಾರೀದು. ಒಗೀಬ್ಯಾಡ" ಅಂದರು ಅಜ್ಜಿ.

ಅಜ್ಜ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದರು ಎಂಬುದಷ್ಟೇ ನನಗೆ ಗೊತ್ತಿತ್ತು. ಕೆನಡಾದ ಲಾರಿ ಅವರ ಕೈಗೆ ಬಂದದ್ದು ಹೇಗೆ? ಪುಣೆಗೆ ಮರಳಿದ ಮೇಲೆ, ಆಫೀಸಿನ ಕಾಲ್‌ಗಳು ಮುಗಿದ ರಾತ್ರಿಗಳಲ್ಲಿ ಆ ತಗಡಿನ ಜಾಡು ಹಿಡಿದು ಹೊರಟೆ.

ಕಥೆ ಶುರುವಾಗುವುದು 1940ರ ಮೇ-ಜೂನ್ ತಿಂಗಳಲ್ಲಿ, ಫ್ರಾನ್ಸಿನ ಡನ್‌ಕರ್ಕ್ ತೀರದಲ್ಲಿ. ಬ್ರಿಟಿಷ್ ಸೈನಿಕರು ಹಡಗು ಹತ್ತಿ ಜೀವ ಉಳಿಸಿಕೊಂಡರು, ಆದರೆ 60,000ಕ್ಕೂ ಹೆಚ್ಚು ವಾಹನಗಳನ್ನು ಫ್ರಾನ್ಸಿನಲ್ಲೇ ಬಿಟ್ಟು ಬಂದರು. ಆ ಕೊರತೆ ತುಂಬುವುದರಲ್ಲಿ ದೊಡ್ಡ ಪಾಲು ಕೆನಡಾದ್ದು. ಯುದ್ಧ ಮುಗಿಯುವ ಹೊತ್ತಿಗೆ ಆ ದೇಶ 8 ಲಕ್ಷಕ್ಕೂ ಹೆಚ್ಚು ಮಿಲಿಟರಿ ವಾಹನಗಳನ್ನು ತಯಾರಿಸಿತ್ತು. ಅವುಗಳಲ್ಲಿ ಸುಮಾರು ಅರ್ಧದಷ್ಟು 'ಕೆನಡಿಯನ್ ಮಿಲಿಟರಿ ಪ್ಯಾಟರ್ನ್' ಎಂಬ ಒಂದೇ ಮಾದರಿಯವು. ಸಂಗ್ರಾಹಕರು ಚಿಕ್ಕದಾಗಿ ಇದನ್ನು ಸಿಎಂಪಿ ಎನ್ನುತ್ತಾರೆ.

ವ್ಯಾಪಾರದಲ್ಲಿ ಬದ್ಧ ಪ್ರತಿಸ್ಪರ್ಧಿಗಳಾಗಿದ್ದ ಫೋರ್ಡ್ ಮತ್ತು ಷೆವ್ರೊಲೆ ತಯಾರಕರು ಇಲ್ಲಿ ಒಂದೇ ವಿನ್ಯಾಸಕ್ಕೆ ಕೆಲಸ ಮಾಡಿದರು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಳಗೆ ಫೋರ್ಡಿಗೆ ವಿ-8 ಎಂಜಿನ್, ಷೆವ್ರೊಲೆಗೆ ಸಾಲಾಗಿ ನಿಂತ ಆರು ಸಿಲಿಂಡರ್. ಹಡಗಿನಲ್ಲಿ ಜಾಗ ಉಳಿಯಲಿ, ಹಿಂದೆ ಸಾಮಾನಿಗೆ ಜಾಗ ಹೆಚ್ಚಲಿ ಎಂದು ಮೂತಿ ಮೊಟಕು ಮಾಡಿದರು. ಹಾಗಾಗಿ ಡ್ರೈವರಿನ ಕಾಲ ಬಳಿಯೇ ಎಂಜಿನ್, ಪೆಡಲ್‌ಗಳೆಲ್ಲ ಇಕ್ಕಟ್ಟು. 1941ರ ಕೊನೆಯಲ್ಲಿ ಬಂದ '13ನೇ ಕ್ಯಾಬ್' ಮಾದರಿಯಲ್ಲಿ ಮುಂದಿನ ಗಾಜಿನ ಮೇಲ್ತುದಿ ಮುಂದಕ್ಕೆ ಬಾಗಿದೆ. ಬಿಸಿಲಿಗೆ ಗಾಜು ಮಿಂಚಿ ಶತ್ರು ವಿಮಾನದವರ ಕಣ್ಣಿಗೆ ಬೀಳಬಾರದು ಎಂಬ ಉಪಾಯವದು.

ಇವುಗಳಲ್ಲಿ ಎಷ್ಟೋ ಲಾರಿಗಳು ಬಿಡಿಭಾಗಗಳಾಗಿ, ಮರದ ಪೆಟ್ಟಿಗೆಗಳಲ್ಲಿ ಸಮುದ್ರ ದಾಟಿದವು. ಭಾರತಕ್ಕೂ ಬಂದವು, ಇಲ್ಲಿಯೇ ಜೋಡಣೆಯಾದವು. ಇದೇ ಕೆನಡಾ ಚಾಸಿಗಳ ಮೇಲೆ ಟಾಟಾ ಕಾರ್ಖಾನೆಯ ಉಕ್ಕಿನ ಕವಚ ಹೊದಿಸಿ ನಮ್ಮ ದೇಶದಲ್ಲೇ ಸಾವಿರಾರು ಕವಚದ ಗಾಡಿಗಳನ್ನು ತಯಾರಿಸಿದರು. ಸೈನಿಕರ ಬಾಯಲ್ಲಿ ಅವುಗಳ ಹೆಸರು 'ಟಾಟಾನಗರ್'.

1945ರಲ್ಲಿ ಯುದ್ಧ ಮುಗಿಯಿತು. ಇಷ್ಟೊಂದು ಲಾರಿ ಇನ್ನು ಯಾರಿಗೆ ಬೇಕು? ಕೆಲವು ಫಿರಂಗಿ ಅಭ್ಯಾಸಕ್ಕೆ ಗುರಿಗಳಾದವು, ಕೆಲವು ಗುಜರಿಗೆ ಹೋದವು. ಉಳಿದವು ಉಳಿದದ್ದು ಬಡತನದ ದೆಸೆಯಿಂದ. ಯುದ್ಧದಲ್ಲಿ ನುಗ್ಗಾದ ಯುರೋಪಿನಲ್ಲಿ ಹೊಸ ಲಾರಿ ಕೊಳ್ಳಲು ಯಾರಲ್ಲೂ ದುಡ್ಡಿರಲಿಲ್ಲ. ಹಾಗಾಗಿ ಇವು ಮರ ಸಾಗಿಸಿದವು, ಹೊಲದಲ್ಲಿ ದುಡಿದವು, ಬೆಂಕಿ ಆರಿಸುವ ಗಾಡಿಗಳಾದವು. ಇಂದು ಸಂಗ್ರಾಹಕರು ಇಂಥ ಕೊಟ್ಟಿಗೆಗಳಲ್ಲೇ ಅವನ್ನು ಹುಡುಕುವುದು.

ಸಂಗ್ರಹವೆಂದರೆ ತೊಳೆದು ಬಣ್ಣ ಹಚ್ಚಿ ನಿಲ್ಲಿಸುವುದಲ್ಲ. ಮೊದಲು ಗುರುತು ಹಿಡಿಯಬೇಕು. ತಗಡಿನ ನಂಬರು ಚಾಸಿಯ ನಂಬರಿಗೆ ತಾಳೆಯಾಗಬೇಕು. ಮರಳು ಕಾಗದದಲ್ಲಿ ಬಣ್ಣವನ್ನು ಪದರ ಪದರವಾಗಿ ಮೆಲ್ಲಗೆ ಉಜ್ಜುತ್ತ ಹೋದರೆ ಕೆಳಗೆ ಸೇನೆಯ ಹಳೆಯ ನಂಬರು ಮೂಡುತ್ತದೆ. ಬ್ರಿಟಿಷ್ ಸೇನೆಯಲ್ಲಿ ದೊಡ್ಡ ಲಾರಿಯ ನಂಬರು 'ಎಲ್' ಅಕ್ಷರದಿಂದ, ಸಣ್ಣ ಟ್ರಕ್ಕಿನದು 'ಜೆಡ್' ಅಕ್ಷರದಿಂದ ಶುರುವಾಗುತ್ತಿತ್ತು. ಆ ಒಂದು ಅಕ್ಷರ ಕಂಡರೆ ಸಾಕು, ಸಂಗ್ರಾಹಕರಿಗೆ ಹಬ್ಬ.

ಅಪಾಯವೂ ಇದೆ. ಇವುಗಳ ಚಕ್ರದ ರಿಮ್ ಎರಡು ಹೋಳಾಗಿದ್ದು, ಅವುಗಳನ್ನು ನಟ್ಟುಗಳಿಂದ ಬಿಗಿದಿರುತ್ತಾರೆ. ಟೈರಿನಲ್ಲಿ ಗಾಳಿಯಿದ್ದಾಗ ಆ ನಟ್ಟು ಬಿಚ್ಚಿದರೆ ರಿಮ್ ಸಿಡಿದು ಜೀವ ಹೋಗಬಹುದು. ಅದಕ್ಕೇ ಆ ನಟ್ಟುಗಳಿಗೆ ಕೆಂಪು ಬಣ್ಣ ಬಳಿಯುತ್ತಿದ್ದರು. ಇನ್ನು ಷೆವ್ರೊಲೆ ಎಂಜಿನ್ನಿನ ಬೇರಿಂಗ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಬ್ಯಾಬಿಟ್ ಎಂಬ ಮೆತ್ತನೆಯ ಲೋಹವನ್ನು ಕರಗಿಸಿ, ಎರಕ ಹೊಯ್ದು, ಅಳತೆಗೆ ಕೊರೆಯಬೇಕು. ಲಾರಿ ಸಿಕ್ಕರೂ ಈ ಕೆಲಸ ಬಲ್ಲ ಕೈ ಸಿಗುವುದು ಕಷ್ಟ.

ಓಶಾವಾದಲ್ಲೇ ಇರುವ ಒಂಟಾರಿಯೋ ರೆಜಿಮೆಂಟ್ ಮ್ಯೂಸಿಯಂ ತನ್ನ ಹಳೆಯ ಮಿಲಿಟರಿ ವಾಹನಗಳನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡಿದೆ. ಪ್ರತಿ ಜೂನ್ 6ರ ಸುಮಾರಿಗೆ ಫ್ರಾನ್ಸಿನ ನಾರ್ಮಂಡಿಯಲ್ಲಿ ಸಂಗ್ರಾಹಕರು ತಮ್ಮ ಗಾಡಿಗಳನ್ನು ಓಡಿಸಿಕೊಂಡು ಬಂದು ಸೇರುತ್ತಾರೆ. ನಮ್ಮಲ್ಲಿ ಹಾಗಾಗಲಿಲ್ಲ. 1959ರಿಂದ ಜಬಲ್ಪುರದಲ್ಲಿ ಶಕ್ತಿಮಾನ್ ಲಾರಿ ತಯಾರಾಗತೊಡಗಿತು, ಹಳೆಯವು ಒಂದೊಂದಾಗಿ ಸೇನೆಯಿಂದ ಹೊರಬಿದ್ದವು. ಖಾಸಗಿಯವರ ಕೈಗೆ ಬಂದ ಲಾರಿಗಳನ್ನು ನಾವು ಸವೆಯುವ ತನಕ ದುಡಿಸಿದೆವು, ಆಮೇಲೆ ಕತ್ತರಿಸಿ ತೂಕಕ್ಕೆ ಮಾರಿದೆವು.

ಇಷ್ಟೆಲ್ಲ ಓದಿದ ಮೇಲೆ ಒಂದು ವಿಷಯ ನನ್ನನ್ನು ಕಾಡತೊಡಗಿತು. ಯಾವ ಲಾರಿಗೆ ಯಾವ ನಂಬರು, ಯಾವ ಕ್ಯಾಬು ಎಂಬುದನ್ನು ಇಷ್ಟು ಕಾಳಜಿಯಿಂದ ಕಾಪಾಡಿದ್ದಾರೆ. ಅವುಗಳ ಹಿಂದೆ ದುಡಿದವರ ಹೆಸರೆಲ್ಲಿ? ಯುದ್ಧದ ವರ್ಷಗಳಲ್ಲಿ ಕೆನಡಾದ ಯುದ್ಧಸಾಮಗ್ರಿ ಕಾರ್ಖಾನೆಗಳಲ್ಲಿ ಲಕ್ಷಾಂತರ ಹೆಂಗಸರು ದುಡಿದರು. ಬ್ರಿಟನ್ನಿನ ಮಹಿಳಾ ಸೇನಾ ದಳದಲ್ಲಿ ಹೆಂಗಸರು ಲಾರಿ ಓಡಿಸಿದರು, ರಿಪೇರಿಯನ್ನೂ ಮಾಡಿದರು. ಮುಂದೆ ರಾಣಿಯಾದ ಎಲಿಜಬೆತ್ 1945ರಲ್ಲಿ ಅದೇ ತರಬೇತಿ ಪಡೆದಿದ್ದರು. ಭಾರತದಲ್ಲೂ 1942ರಲ್ಲಿ ಮಹಿಳಾ ಸಹಾಯಕ ದಳ ಶುರುವಾಗಿತ್ತು. ರಾಣಿಯ ಫೋಟೋ ಎಲ್ಲರೂ ನೋಡಿದ್ದಾರೆ. ಉಳಿದವರು ಯಾರೆಂದು ಎಷ್ಟು ಜನ ಕೇಳಿದ್ದಾರೆ?

ಆಗ ಹೊಳೆಯಿತು: ನಾನೂ ಅದನ್ನೇ ಮಾಡುತ್ತಿದ್ದೆ. ಅಳಿಸಿಹೋದ ನಾಲ್ಕು ಅಂಕಿಗಾಗಿ ತಿಂಗಳುಗಟ್ಟಲೆ ತಡಕಾಡಿದೆ. ಆ ಲಾರಿಯನ್ನು ಕಣ್ಣಾರೆ ಕಂಡವರು ಮನೆಯಲ್ಲೇ ಇದ್ದರು, ಅವರನ್ನು ಒಂದು ಮಾತು ಕೇಳಿರಲಿಲ್ಲ.

ದೀಪಾವಳಿಗೆ ಹೋದಾಗ ಫೋನಿನ ರೆಕಾರ್ಡರ್ ಹಚ್ಚಿ ಅಜ್ಜಿಯ ಎದುರು ಕೂತೆ. "ಅದರ ಮೂತಿ ಮೋಟು ಇತ್ತು, ನಾಯಿಮರಿ ಮೂತಿ ಇದ್ಧಂಗ. ನಿಮ್ಮ ಅಜ್ಜ ಮನ್ಯಾಗ ಮಲಗಿದ್ದಕ್ಕಿಂತ ಅದರ ಬುಡಕ ಮಲಗಿದ್ದ ಹೆಚ್ಚು" ಎಂದು ನಕ್ಕರು. ಹತ್ತಿ ಅಂಡಿಗೆ ಹೇರುತ್ತಿದ್ದದ್ದು, ಚಳಿಗಾಲದ ಬೆಳಗಿನಲ್ಲಿ ಹ್ಯಾಂಡಲ್ ತಿರುವಿ ತಿರುವಿ ಎಂಜಿನ್ ಎಬ್ಬಿಸುತ್ತಿದ್ದದ್ದು, ಎಲ್ಲ ಹೇಳಿದರು. ಒಮ್ಮೆ ಬೇರಿಂಗ್ ಹೋದಾಗ ಹಿತ್ತಲಿನಲ್ಲೇ ಲೋಹ ಕರಗಿಸಿದರಂತೆ. ಇದ್ದಿಲ ಒಲೆಗೆ ತಿದಿ ಒತ್ತಿದವರು ಅಜ್ಜಿ, ಎರಕ ಹೊಯ್ದವರು ಅಜ್ಜ. ಮುಂದೆ ಮಾಲಕರು ಲಾರಿಯನ್ನು ಗುಜರಿಗೆ ಹಾಕಿದ ದಿನ ಅಜ್ಜ ಈ ತಗಡನ್ನು ಬಿಚ್ಚಿಕೊಂಡು ಬಂದರು. ಆ ರಾತ್ರಿ ಊಟ ಮಾಡಲಿಲ್ಲವಂತೆ.

ಆ ನಂಬರು ನನಗೆ ಇನ್ನೂ ಪೂರ್ತಿ ಸಿಕ್ಕಿಲ್ಲ. ಆದರೆ ತಿದಿ ಒತ್ತಿದವರ ಹೆಸರು ಸಿಕ್ಕಿದೆ. ಅಜ್ಜಿಯ ಎರಡು ಗಂಟೆಯ ಮಾತನ್ನು ಬರೆದಿಟ್ಟು, ತಗಡಿನ ಫೋಟೋದ ಜೊತೆ ಜೋಡಿಸಿದ್ದೇನೆ.

ಸಂಘದ ಗೆಳತಿಯರೇ, ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ತಗಡು, ಹಳೆಯ ಲೈಸೆನ್ಸು, ಪಿಂಚಣಿ ಕಾಗದ ಇರಬಹುದು. ಮುಂದಿನ ಸಲ ಊರಿಗೆ ಹೋದಾಗ ಅದರ ಫೋಟೋ ತೆಗೆಯಿರಿ. ಅದಕ್ಕೂ ಮೊದಲು, ಅದನ್ನು ಇಷ್ಟು ವರ್ಷ ಸೀರೆಯ ಅಡಿಯಲ್ಲಿ ಜೋಪಾನ ಮಾಡಿದವರ ಪಕ್ಕದಲ್ಲಿ ಒಂದರ್ಧ ಗಂಟೆ ಕೂತು ಕೇಳಿ.