ಆಕಾಶದ ಮಾತಿಗೆ ಅಂಚೆಯ ಸಾಕ್ಷಿ

ಬಾನುಲಿಯಲ್ಲಿ ಆಡಿದ ಮಾತಿಗೆ ರುಜುವಾತು ಏನು? ಪರವಾನಗಿ ಪಡೆದು ಮನೆಯಿಂದಲೇ ದೇಶವಿದೇಶಗಳನ್ನು ಸಂಪರ್ಕಿಸುವ ಹವ್ಯಾಸಿ ರೇಡಿಯೋಗಾರರು, ಅಂದರೆ ‘ಹ್ಯಾಮ್’ಗಳು, ಈ ಪ್ರಶ್ನೆಗೆ ಕಂಡುಕೊಂಡ ಉತ್ತರವೇ ಅಂಚೆ ಕಾರ್ಡಿನ ಗಾತ್ರದ ‘ಕ್ಯೂಎಸ್‌ಎಲ್’ ಕಾರ್ಡು.

ಮೋರ್ಸ್ ಸಂಕೇತದಲ್ಲಿ ಉದ್ದನೆಯ ವಾಕ್ಯ ಕಳುಹಿಸುವುದು ತ್ರಾಸದ ಕೆಲಸ. ಆದ್ದರಿಂದ ಹಡಗುಗಳ ಬಳಕೆಗಾಗಿ ‘ಕ್ಯೂ’ದಿಂದ ಆರಂಭವಾಗುವ ಮೂರಕ್ಷರದ ಸಂಕೇತಗಳು ಹುಟ್ಟಿಕೊಂಡವು. 1912ರ ಲಂಡನ್ ಸಮ್ಮೇಳನ ಅವಕ್ಕೆ ಅಂತರರಾಷ್ಟ್ರೀಯ ಮನ್ನಣೆ ನೀಡಿತು. ‘ಕ್ಯೂಎಸ್‌ಎಲ್’ ಎಂದರೆ ‘ನಿಮ್ಮ ಸಂದೇಶ ತಲುಪಿದೆ’ ಎಂದರ್ಥ. ಅಮೆರಿಕದ ಬಫಲೋದಿಂದ ಫಿಲಡೆಲ್ಫಿಯಾಕ್ಕೆ 1916ರಲ್ಲಿ ಹೋದ ಕಾರ್ಡು ಇಂಥವುಗಳಲ್ಲಿ ಅತಿ ಹಳೆಯದೆನ್ನಲಾಗಿದೆ.

ಕಾರ್ಡಿನಲ್ಲಿ ಕಳುಹಿಸಿದವರ ಕಾಲ್‌ಸೈನ್ ದೊಡ್ಡದಾಗಿ ಅಚ್ಚಾಗಿರುತ್ತದೆ. ಜೊತೆಗೆ ಎದುರಿನವರ ಕಾಲ್‌ಸೈನ್, ದಿನಾಂಕ, ತರಂಗಾಂತರ, ಧ್ವನಿ ಎಷ್ಟು ಸ್ಪಷ್ಟವಾಗಿ ಕೇಳಿಸಿತು ಎಂಬ ವಿವರ. ಒಬ್ಬರ ರಾತ್ರಿ ಇನ್ನೊಬ್ಬರಿಗೆ ಬೆಳಗು. ಹಾಗಾಗಿ ಎಲ್ಲರೂ ಬರೆಯುವುದು ಒಂದೇ ಜಾಗತಿಕ ಸಮಯವನ್ನು. ತನ್ನ ಪುಸ್ತಕದಲ್ಲಿ ತಾನೇ ಬರೆದುಕೊಂಡದ್ದು ಇಲ್ಲಿ ಸಾಕ್ಷಿಯಲ್ಲ. ಎದುರಿನವರು ಒಪ್ಪಿ ಬರೆದುಕೊಡಬೇಕು. ಅಮೆರಿಕದ ಹ್ಯಾಮ್ ಸಂಘ 1937ರಲ್ಲಿ ಆರಂಭಿಸಿದ ಹೆಸರಾಂತ ಪ್ರಶಸ್ತಿಗೆ ಕನಿಷ್ಠ 100 ದೇಶಗಳ ದೃಢೀಕರಣ ಬೇಕು. ತಿದ್ದಿದ ಕಾರ್ಡಿಗೆ ಅಲ್ಲಿ ಬೆಲೆಯಿಲ್ಲ.

ಪ್ರತಿ ಕಾರ್ಡಿಗೂ ವಿದೇಶಿ ಅಂಚೆವೆಚ್ಚ ದುಬಾರಿ. ಅದಕ್ಕಾಗಿ ಹಲವು ದೇಶಗಳ ಸಂಘಗಳು ಕ್ಯೂಎಸ್‌ಎಲ್ ಬ್ಯೂರೋಗಳನ್ನು ತೆರೆದವು. ಕಾರ್ಡುಗಳನ್ನು ಕಟ್ಟುಕಟ್ಟಾಗಿ ಬೇರೆ ದೇಶದ ಬ್ಯೂರೋಗೆ ಕಳುಹಿಸಿದರೆ, ಅಲ್ಲಿ ವಿಂಗಡಿಸಿ ಹಂಚುತ್ತಾರೆ. ಉತ್ತರಕ್ಕೆ ವರ್ಷಗಟ್ಟಲೆ ಕಾಯುವುದೂ ಉಂಟು.

ಶೀತಲ ಸಮರದ ದಿನಗಳಲ್ಲಿಯೂ ಈ ಸಂಚಾರ ನಿಲ್ಲಲಿಲ್ಲ. ಸೋವಿಯತ್ ಹ್ಯಾಮ್‌ಗಳಿಗೆ ಹೊರದೇಶಗಳಿಂದ ಬರೆಯುವವರಿಗೆ ತಿಳಿದಿದ್ದ ವಿಳಾಸ ಒಂದೇ: ಅಂಚೆ ಪೆಟ್ಟಿಗೆ 88, ಮಾಸ್ಕೋ. ವಾಷಿಂಗ್ಟನ್ ಮತ್ತು ಮಾಸ್ಕೋ ಪರಸ್ಪರ ಕ್ಷಿಪಣಿ ಗುರಿಯಿಟ್ಟಿದ್ದಾಗ, ‘ನಿಮ್ಮ ಧ್ವನಿ ಚೆನ್ನಾಗಿ ಕೇಳಿಸಿತು’ ಎನ್ನುವ ಕಾರ್ಡುಗಳು ಎರಡೂ ಕಡೆ ಓಡಾಡುತ್ತಿದ್ದವು. ಇಲ್ಲಿ ದೊಡ್ಡವರು, ಸಣ್ಣವರೆಂಬ ಭೇದವೂ ಇರಲಿಲ್ಲ. ಜೋರ್ಡಾನಿನ ದೊರೆ ಹುಸೇನ್ ತರಂಗಗಳಲ್ಲಿ ಬರಿಯ ‘ಜೆವೈ1’. ರಾಜೀವ್ ಗಾಂಧಿಯವರು ‘ವಿಯು2ಆರ್‌ಜಿ’.

ಅಮೆರಿಕದ ಸಂಘ 2003ರಲ್ಲಿ ಗಣಕದ ಮೂಲಕ ದೃಢೀಕರಿಸುವ ವ್ಯವಸ್ಥೆ ತಂದಿತು. ಕಾಯುವ ಕಷ್ಟ ತಪ್ಪಿತು. ಕಾಗದದ ಕಾರ್ಡಿನ ಬಳಕೆಯೂ ಇಳಿಯಿತು. ಹಳೆಯ ಹ್ಯಾಮ್ ತೀರಿಕೊಂಡರೆ ಅವರು ಜೀವಮಾನವಿಡೀ ಕೂಡಿಟ್ಟ ಕಾರ್ಡುಗಳು ರದ್ದಿಗೆ ಹೋಗುವ ಅಪಾಯವಿದೆ. ವಿಯೆನ್ನಾದ ರೇಡಿಯೋ ದಾಖಲೆಗಳ ಸಂಗ್ರಹಾಲಯವೊಂದು ಇಂಥ ಕಾರ್ಡುಗಳನ್ನು ಕಾಪಿಡುವ ಕೆಲಸ ಮಾಡುತ್ತಿದೆ. ಸೋವಿಯತ್ ಒಕ್ಕೂಟ, ಯುಗೊಸ್ಲಾವಿಯ, ಪೂರ್ವ ಜರ್ಮನಿಗಳು ಭೂಪಟದಿಂದ ಅಳಿಸಿಹೋಗಿವೆ. ಅಲ್ಲಿನ ಸಾಮಾನ್ಯನೊಬ್ಬ ಇಂಥ ದಿನ, ಇಂಥ ಹೊತ್ತಿನಲ್ಲಿ ಹೊರಜಗತ್ತಿನೊಡನೆ ಮಾತನಾಡಿದ್ದ ಎಂಬುದಕ್ಕೆ ಅನೇಕ ವೇಳೆ ಉಳಿದಿರುವ ದಾಖಲೆ ಈ ಕಾರ್ಡೊಂದೇ.